ಸ್ಪ್ರಿಂಗ್ ಎಒಪಿ: ವರ್ಷಗಟ್ಟಲೆ ಬಳಸಿದ ಮೇಲೆ

ಇರುವ ಜಾವಾ ಕ್ಲಾಸಿಗೆ ಕೈ ಹಚ್ಚದೆ ಹೊಸ ಕೆಲಸ ಸೇರಿಸಬೇಕು ಅಂದಾಗ ನಮ್ಮ ತಂಡ ಮೊದಲು ನೋಡುವುದು ಸ್ಪ್ರಿಂಗ್ ಎಒಪಿ ಕಡೆಗೆ, ಅಂದರೆ ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್‌ನ ಆಸ್ಪೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಭಾಗದ ಕಡೆಗೆ. ಲಾಗಿಂಗ್, ಟ್ರಾನ್ಸಾಕ್ಷನ್ (ಡೇಟಾಬೇಸ್ ಬದಲಾವಣೆ ಆದರೆ ಎಲ್ಲವೂ, ಇಲ್ಲದಿದ್ದರೆ ಒಂದೂ ಇಲ್ಲ), ಪರ್ಮಿಷನ್ ಚೆಕ್ ಇಂಥವಕ್ಕೆ ಇದು ತುಂಬಾ ಸಲೀಸು. ಒಂದು ಆಸ್ಪೆಕ್ಟ್ (ಹಲವು ಕಡೆ ಬೇಕಾಗುವ ಕೆಲಸವನ್ನು ಒಂದೇ ಕಡೆ ಇಟ್ಟ ಕೋಡ್) ಬರೆದರೆ ನೂರಾರು ಮೆಥಡ್‌ಗಳಿಗೆ ಅನ್ವಯವಾಗುತ್ತದೆ.

ಆದರೆ ಒಳಗೆ ಏನು ನಡೆಯುತ್ತದೆ ಅಂತ ತಿಳಿದಿರಲೇಬೇಕು. ಸ್ಪ್ರಿಂಗ್ ನಿಮ್ಮ ಆಬ್ಜೆಕ್ಟನ್ನು ಮುಟ್ಟುವುದಿಲ್ಲ, ಅದರ ಮುಂದೆ ಒಂದು ಪ್ರಾಕ್ಸಿ, ಅಂದರೆ ಅದರ ಪರವಾಗಿ ಕರೆ ತೆಗೆದುಕೊಳ್ಳುವ ಬದಲಿ ಆಬ್ಜೆಕ್ಟ್, ನಿಲ್ಲಿಸುತ್ತದೆ. ಹೊರಗಿನಿಂದ ಬಂದ ಕರೆ ಮಾತ್ರ ಪ್ರಾಕ್ಸಿಗೆ ಸಿಗುತ್ತದೆ. ಬಿಲ್ಲಿಂಗ್ ಸರ್ವಿಸ್‌ನಲ್ಲಿ ಎಲ್ಲ ಬಿಲ್ ತಯಾರಿಸುವ ಮೆಥಡ್, ಅದೇ ಕ್ಲಾಸಿನಲ್ಲಿ ಒಂದೊಂದೇ ಬಿಲ್ ಸೇವ್ ಮಾಡುವ ಮೆಥಡನ್ನು ಕರೆಯುತ್ತದೆ ಅಂದುಕೊಳ್ಳಿ. ಟ್ರಾನ್ಸಾಕ್ಷನ್ ಬೇಕು ಅಂತ ಹೇಳುವ ಗುರುತು, ಟ್ರಾನ್ಸಾಕ್ಷನಲ್ ಅನೊಟೇಷನ್, ಇರುವುದು ಎರಡನೆಯದರ ಮೇಲೆ ಮಾತ್ರ. ಆಗ ಟ್ರಾನ್ಸಾಕ್ಷನ್ ಶುರುವೇ ಆಗುವುದಿಲ್ಲ. ಎರರ್ ಕೂಡ ಬರುವುದಿಲ್ಲ! ಸೇವ್ ಮೆಥಡನ್ನು ಬೇರೆ ಕ್ಲಾಸಿಗೆ ಸಾಗಿಸಿದರೆ ಸರಿಹೋಗುತ್ತದೆ. ಫೈನಲ್ ಮೆಥಡ್ ಇನ್ನೂ ತಾಪತ್ರಯ. ಸ್ಪ್ರಿಂಗ್ ಬೂಟ್ 2.0ರಿಂದ ಪ್ರಾಕ್ಸಿ ಅಂದರೆ ಸಾಮಾನ್ಯವಾಗಿ ಸಿಜಿಲಿಬ್ ಎಂಬ ಲೈಬ್ರರಿ ಮಾಡಿಕೊಟ್ಟ ಸಬ್‌ಕ್ಲಾಸ್. ಅದು ಫೈನಲ್ ಮೆಥಡನ್ನು ಓವರ್‌ರೈಡ್ ಮಾಡಲಾರದು. ಹಾಗಾಗಿ ಮೆಥಡ್ ಪ್ರಾಕ್ಸಿಯ ಮೇಲೇ ಓಡುತ್ತದೆ, ಅಲ್ಲಿ ಫೀಲ್ಡ್‌ಗಳೆಲ್ಲ ನಲ್ (ಖಾಲಿ).

ಜಾವಾಕ್ಕಿರುವ ಇನ್ನೊಂದು ಎಒಪಿ ಸಾಧನ ಆಸ್ಪೆಕ್ಟ್‌ಜೆಗೆ ಈ ಕಾಟವಿಲ್ಲ. ಝೆರಾಕ್ಸ್ ಪಾರ್ಕ್‌ನಲ್ಲಿ ಗ್ರೆಗರ್ ಕಿಚಾಲೆಸ್ ತಂಡ ಕಟ್ಟಿದ ಇದು ಬೈಟ್‌ಕೋಡಿಗೇ (ಕಂಪೈಲ್ ಆದ ಜಾವಾ ಕೋಡಿಗೇ) ಆಸ್ಪೆಕ್ಟ್ ಹೆಣೆಯುತ್ತದೆ. ಒಳಗಿನ ಕರೆಯೂ ಸಿಗುತ್ತದೆ, ಪ್ರೈವೇಟ್ ಮೆಥಡ್ ಕೂಡ. ಆದರೆ ಅದರದೇ ಕಂಪೈಲರ್ ಬೇಕು, ಇಲ್ಲವೇ ಜೆವಿಎಂ (ಜಾವಾ ಓಡಿಸುವ ವರ್ಚುವಲ್ ಮೆಷಿನ್) ಶುರುವಾಗುವಾಗ ಹೆಣೆಯುವ ಏಜೆಂಟ್ ಕೊಡಬೇಕು. ಚಿಕ್ಕ ತಂಡಕ್ಕೆ ಅಷ್ಟು ರಗಳೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎಒಪಿ ಇಲ್ಲದೆಯೂ ಕ್ಲಾಸಿಗೆ ಕೆಲಸ ಸೇರಿಸಲು ಇನ್‌ಹೆರಿಟೆನ್ಸ್, ಡೆಕೊರೇಟರ್ ಎಂಬ ಎರಡು ದಾರಿಗಳಿವೆ. ಸಬ್‌ಕ್ಲಾಸ್ ಮಾಡುವ ಇನ್‌ಹೆರಿಟೆನ್ಸ್ ಒಂದು ಬದಲಾವಣೆಗೆ ಸಾಕು. ಲಾಗ್, ಕ್ಯಾಶ್, ರೀಟ್ರೈ ಮೂರನ್ನೂ ಬೇಕಾದ ಹಾಗೆ ಜೋಡಿಸಬೇಕು ಅಂದರೆ 7 ಸಬ್‌ಕ್ಲಾಸ್ ಆಗುತ್ತವೆ. ಅದೇ ಇಂಟರ್‌ಫೇಸ್ ಇಟ್ಟುಕೊಂಡು ಮೂಲ ಆಬ್ಜೆಕ್ಟನ್ನು ಸುತ್ತುವ ಡೆಕೊರೇಟರ್ ಆದರೆ ಮೂರೇ ಕ್ಲಾಸ್, ಒಂದರ ಮೇಲೊಂದು ಸುತ್ತುತ್ತಾ ಹೋಗುವುದು. ಜಾವಾದ್ದೇ ಬಫರ್ಡ್‌ಇನ್‌ಪುಟ್‌ಸ್ಟ್ರೀಮ್ ಇದೇ ಥರ ಅಲ್ವಾ? ಇಂಟರ್‌ಫೇಸ್‌ನಲ್ಲಿ ಮೆಥಡ್ ಜಾಸ್ತಿಯಿದ್ದರೆ ಮಾತ್ರ ಸುಮ್ನೆ ಮುಂದಕ್ಕೆ ದಾಟಿಸುವ ಸಾಲುಗಳನ್ನು ಬರೆದು ಬರೆದು ಬೇಜಾರಾಗುತ್ತದೆ.

ಆದರೂ ಡಿಸ್ಕೌಂಟ್ ಲೆಕ್ಕ, ತೆರಿಗೆ ನಿಯಮದಂಥ ವ್ಯವಹಾರದ ವಿಷಯಕ್ಕೆ ನನ್ನ ಆಯ್ಕೆ ಡೆಕೊರೇಟರೇ. ಬೆಲೆ ಯಾಕೆ ಕಡಿಮೆಯಾಯಿತು ಅಂತ ಹುಡುಕುವವರಿಗೆ ಆ ಕ್ಲಾಸ್ ಕಣ್ಣಿಗೆ ಬೀಳಬೇಕು. ಆಸ್ಪೆಕ್ಟ್‌ನೊಳಗೆ ಬಚ್ಚಿಟ್ಟರೆ ಹೊಸಬರು ದಿನಗಟ್ಟಲೆ ಹುಡುಕುತ್ತಾರೆ. ಟ್ರಾನ್ಸಾಕ್ಷನ್, ಲಾಗಿಂಗ್‌ಗೆ ಮಾತ್ರ ಬಳಸುವುದಾದರೆ ಸ್ಪ್ರಿಂಗ್ ಎಒಪಿಗೆ ನನ್ನ ಕಡೆಯಿಂದ 5ಕ್ಕೆ 4.