ರೇಣುಕಾ, ಉಗಾರ, ಗೋದಾವರಿ: ನಗದು ಬೆಳೆದದ್ದು ಯಾರ ರೊಕ್ಕದಿಂದ?

ನಾವು ಅಥಣಿ ಕಡೆಯ ಕಬ್ಬಿನ ಮನೆಯವರು. ಷೇರು ಕೊಳ್ಳುವುದಾದರೆ ಗೊತ್ತಿರುವ ಧಂದೆಯದ್ದೇ ಕೊಳ್ಳೋಣ ಎಂದು ಶ್ರೀ ರೇಣುಕಾ ಶುಗರ್ಸ್ ಮತ್ತು ಉಗಾರ ಶುಗರ್ ವರ್ಕ್ಸ್‌ನ ವಾರ್ಷಿಕ ವರದಿಗಳನ್ನು ಎದುರುಬದುರು ಇಟ್ಟುಕೊಂಡು ಕೂತೆ. ಲಾಭದ ಪುಟ ಬಿಟ್ಟು ನೇರ ನಗದು ಹರಿವಿನ ಪುಟಕ್ಕೆ, ಅಂದರೆ ಕೈಗೆ ನಿಜವಾಗಿ ಬಂದ, ಹೋದ ರೊಕ್ಕದ ಲೆಕ್ಕಕ್ಕೆ ಹೋದೆ.

ಮೊದಲು ಮಾಡಿದ್ದು ಸರಳ ಹೋಲಿಕೆ: ಹೋದ ವರ್ಷಕ್ಕಿಂತ ಈ ವರ್ಷ ವ್ಯವಹಾರದಿಂದ ಬಂದ ನಗದು ಎಷ್ಟು ಹೆಚ್ಚು? ಸಕ್ಕರೆಗೆ ಈ ಅಳತೆ ನಿಲ್ಲುವುದಿಲ್ಲ. ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ನುರಿಸುವ ಹಂಗಾಮು ಮುಗಿಯುವುದೂ ಹೆಚ್ಚುಕಡಿಮೆ ಆಗಲೇ, ಗೋದಾಮು ತುಂಬಿರುತ್ತದೆ. ನಾಲ್ಕು ವಾರ ಮೊದಲು ಮಾರಿದರೆ ನಗದು ಜಿಗಿಯುತ್ತದೆ, ತಡವಾದರೆ ಕುಸಿಯುತ್ತದೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದಕ್ಕೆ ಕಡಿವಾಣ ಹಾಕಿದಂಥ ವರ್ಷದಲ್ಲಂತೂ ಒಂದು ವರ್ಷದ ಅಂಕಿಯಿಂದ ಏನನ್ನೂ ಹೇಳಲಾಗದು. ಹಾಗಾಗಿ ಐದು ವರ್ಷದ ಮೊತ್ತ ಹಿಡಿದೆ.

ಆ ಹೊತ್ತಿಗೆ ಒಂದು ಕಾರ್ಖಾನೆಯಿಂದ ನಮ್ಮ ಕಬ್ಬಿನ ಬಿಲ್ಲು ಮೇ ತಿಂಗಳಾದರೂ ಬಂದಿರಲಿಲ್ಲ. ಅಪ್ಪ ಕೇಳಿದರು: "ನಮ್ಮ ರೊಕ್ಕ ಎಲ್ಲಿ ಕೂತೈತಿ ಅಂತ ನಿನ್ನ ಪುಸ್ತಕದಾಗ ಬರದಾರೇನು?" ಆ ಕಾರ್ಖಾನೆ ಷೇರುಪೇಟೆಯಲ್ಲಿಲ್ಲ. ಆದರೆ ಲೆಕ್ಕದ ರೀತಿ ಎಲ್ಲ ಕಡೆ ಒಂದೇ. ಕೊಡದೆ ಉಳಿಸಿಕೊಂಡ ಬಾಕಿ ನಗದು ಹರಿವಿನಲ್ಲಿ ಕೂಡುವ ಅಂಕಿಯಾಗಿ ಬರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ 15% ಬಡ್ಡಿ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ನಗದು ₹20 ಕೋಟಿಯಿಂದ ₹50 ಕೋಟಿಗೆ ಏರಿತು, ಬೆಳವಣಿಗೆ 150%. ಹೆಚ್ಚಾದ ₹30 ಕೋಟಿಯಲ್ಲಿ ₹25 ಕೋಟಿ ರೈತರ ಬಾಕಿ ಎಂದಾದರೆ ನಿಜವಾಗಿ ಬೆಳೆದದ್ದು 25% ಮಾತ್ರ. ಅದನ್ನು ಕಳೆಯದೆ ಯಾವ ಸಕ್ಕರೆ ಕಂಪನಿಯನ್ನೂ ನಾನೀಗ ಹೋಲಿಸುವುದಿಲ್ಲ.

ಇನ್ನೊಂದು ಕಳೆಯಬೇಕಾದದ್ದು ಬಡ್ಡಿ. ನಗದು ಹರಿವಿನ ಲೆಕ್ಕ ಬರೆಯುವ ಭಾರತೀಯ ಮಾನದಂಡ ಇಂಡ್ ಎಎಸ್ 7ರ ಪ್ರಕಾರ ಇಂಥ ಕಂಪನಿಗಳು ಕಟ್ಟಿದ ಬಡ್ಡಿ ಹಣಕಾಸು ವಿಭಾಗದಲ್ಲಿ ಬರುತ್ತದೆ, ವ್ಯವಹಾರದ ನಗದಿನಲ್ಲಲ್ಲ. ರೇಣುಕಾ 2010ರಲ್ಲಿ ಬ್ರೆಜಿಲ್‌ನ ಕಂಪನಿಗಳನ್ನು ಕೊಂಡು ಸಾಲದ ಭಾರ ಹೊತ್ತಿತು. 2018ರಲ್ಲಿ ಸಿಂಗಪುರದ ವಿಲ್ಮಾರ್ ಕಂಪನಿಯ ಕೈಗೆ ಹೋಯಿತು. ಇತ್ತೀಚಿನ ವರ್ಷಗಳಲ್ಲಿ ಅದರ ನಿವ್ವಳ ಮೌಲ್ಯ ಋಣಾತ್ಮಕ, ಅಂದರೆ ಆಸ್ತಿಗಿಂತ ಕೊಡಬೇಕಾದದ್ದೇ ಹೆಚ್ಚು. ಅಂಥಲ್ಲಿ ಬಡ್ಡಿ ಕಟ್ಟಿದ ಮೇಲೆ ಉಳಿಯುವುದನ್ನೇ ನೋಡಬೇಕು. ಅದರ ಜೊತೆಗೆ ಹಲ್ದಿಯಾ, ಕಾಂಡ್ಲಾ ಬಂದರುಗಳ ಬಳಿಯ ಅದರ ಶುದ್ಧೀಕರಣ ಘಟಕಗಳು ಹೊರದೇಶದ ಕಚ್ಚಾ ಸಕ್ಕರೆಯ ಮೇಲೆ ನಡೆಯುತ್ತವೆ. ನಮ್ಮ ಕಡೆ ಮಳೆ ಕೈಕೊಟ್ಟರೂ ಅವು ನಿಲ್ಲಬೇಕೆಂದಿಲ್ಲ.

1939ರ ಉಗಾರ ಹಾಗಲ್ಲ. ಉಗಾರ ಖುರ್ದ ಮತ್ತು ಜೇವರ್ಗಿ ಕಡೆಯ ಘಟಕ, ಇಷ್ಟೇ. ಕಬ್ಬು ಬಂದರೆ ನಗದು, ಇಲ್ಲದಿದ್ದರೆ ಇಲ್ಲ. ರೇಣುಕಾದ ಅಂಕಿ ಏರಿದಾಗ ಅದು ಕಬ್ಬಿನಿಂದಲೋ ಬಂದರಿನಿಂದಲೋ ಎಂದು ನಾಲ್ಕು ಟಿಪ್ಪಣಿ ಹುಡುಕಬೇಕು. ಉಗಾರದ್ದು ಏರಿದರೆ ಕಾರಣ ನಮ್ಮ ಹೊಲದಲ್ಲೇ ಕಾಣುತ್ತದೆ. ಗಾತ್ರ ಚಿಕ್ಕದಾದರೂ ನನ್ನ ಓಟು ಉಗಾರಕ್ಕೆ, ಅದೂ ದರ ಇಳಿದಾಗ ಮಾತ್ರ.

ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯ ಗೋದಾವರಿ ಬಯೋರಿಫೈನರೀಸ್ ಷೇರುಪೇಟೆಗೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಎಥೆನಾಲ್‌ನಿಂದ ರಾಸಾಯನಿಕ ಮಾಡುವ ಅದರ ದಾರಿ ನನಗೆ ಹಿಡಿಸಿದೆ. ಇನ್ನೆರಡು ಹಂಗಾಮಿನ ವರದಿ ಬರಲಿ, ಆಮೇಲೆ ಇವೆರಡರ ಪಕ್ಕದಲ್ಲಿ ಅದಕ್ಕೂ ಒಂದು ಕಾಲಂ ಹಾಕುತ್ತೇನೆ.