ಬೆಳಿಗ್ಗೆ ಐತಾಳರ ಮನೆ, ರಾತ್ರಿ ಗುತ್ತಿಯ ಕಾಡು

ಒಂದೂವರೆ ತಿಂಗಳಿಂದ ಎರಡು ದೊಡ್ಡ ಕಾದಂಬರಿಗಳನ್ನು ಒಟ್ಟಿಗೆ ಓದುತ್ತಿದ್ದೇನೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಒಂದು, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಇನ್ನೊಂದು. ಎರಡೂ ಇನ್ನೂ ಮುಗಿದಿಲ್ಲ. ಮುಗಿಸಿದ ಮೇಲೆ ಬರೆಯಬಹುದಿತ್ತು, ಆದರೆ ಇಂಥ ಪುಸ್ತಕಗಳನ್ನು ಮುಗಿಸಿದವರೆಲ್ಲ ಯಾಕೋ ದೇವಸ್ಥಾನದಿಂದ ಈಗಷ್ಟೇ ಹೊರಗೆ ಬಂದವರ ಥರ ಮಾತಾಡುತ್ತಾರೆ. ಎಲ್ಲಿ ಬೇಜಾರಾಯಿತು, ಎಲ್ಲಿ ಪುಟ ಹಾರಿಸಬೇಕು ಅನಿಸಿತು ಅನ್ನೋದನ್ನು ಅಷ್ಟರಲ್ಲಿ ಮರೆತಿರುತ್ತಾರೆ. ಅದಕ್ಕೇ ನಡುವಿನಲ್ಲೇ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ದಾವಣಗೆರೆ ಕಡೆಯವಳು. ಕಡಲೂ ಗೊತ್ತಿಲ್ಲ, ಮಲೆನಾಡೂ ಗೊತ್ತಿಲ್ಲ. ಮದುವೆಯಾಗಿದ್ದು ಕುಂದಾಪುರದ ಮನೆಗೆ, ಇರೋದು ಬೆಂಗಳೂರಿನಲ್ಲಿ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಈ ಹೋಲಿಕೆಯಲ್ಲಿ ಅವರ ಪಾಲೂ ಇದೆ.

ಎರಡು ಪುಸ್ತಕಗಳ ಊರುಗಳು ತೀರಾ ದೂರ ಏನಲ್ಲ. ಒಂದು ಕೋಟದ ಕಡೆಯ ಕಡಲತೀರ, ಇನ್ನೊಂದು ತೀರ್ಥಹಳ್ಳಿಯ ಆಸುಪಾಸಿನ ಕಾಡು. ನಡುವೆ ಆಗುಂಬೆ ಘಾಟಿ. ‘ಮದುಮಗಳು’ವಿನ ಐತ, ಪೀಂಚಲು ಘಟ್ಟದ ಕೆಳಗಿನಿಂದ ಮೇಲಕ್ಕೆ ಕೂಲಿಗೆ ಬಂದವರು. ಅದು ಗೊತ್ತಾದ ದಿನ ಎರಡು ಪುಸ್ತಕಗಳ ನಡುವೆ ಒಂದು ಕಾಲುದಾರಿ ಸಿಕ್ಕಿದ ಹಾಗಾಯಿತು.

ಆದರೆ ಕಾಲದ ಲೆಕ್ಕದಲ್ಲಿ ಇವೆರಡೂ ಪೂರ್ತಿ ಉಲ್ಟಾ. ಕಾರಂತರು ಮೂರು ತಲೆಮಾರನ್ನು ಹೇಳುತ್ತಾರೆ: ರಾಮ ಐತಾಳರು, ಅವರ ಮಗ ಲಚ್ಚ, ಲಚ್ಚನ ಮಗ ಇನ್ನೊಬ್ಬ ರಾಮ. ನಾನು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಅಲ್ಲಿ ಎರಡು ಮಳೆಗಾಲ ಕಳೆದು, ಒಂದು ಮಗು ಹುಟ್ಟಿ, ಒಬ್ಬರು ತೀರಿಕೊಂಡಿರುತ್ತಾರೆ. ಕುವೆಂಪು ಅದಕ್ಕಿಂತ ಎಷ್ಟೋ ದಪ್ಪದ ಪುಸ್ತಕದಲ್ಲಿ ಹೇಳೋದು ಹೆಚ್ಚೆಂದರೆ ಕೆಲವು ವಾರಗಳ ಕಥೆ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗಲು ಹೊರಟಿದ್ದಾನೆ, ಜೊತೆಗೆ ನಾಯಿ ಹುಲಿಯ. ಹೊರಟ, ಸರಿ. ಆದರೆ ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರ ಮನೆಗೂ ಕಥೆ ಒಳಹೊಕ್ಕು, ಅವರ ಅಪ್ಪ ಅಜ್ಜನನ್ನೆಲ್ಲ ವಿಚಾರಿಸಿಕೊಂಡು ಬರುತ್ತದೆ. ಅಷ್ಟು ಹೊತ್ತೂ ಗುತ್ತಿ ಅಲ್ಲೇ ಕಾಯುತ್ತಿರುತ್ತಾನೆ.

ಮೊದಲ ಎರಡು ವಾರ ಬೆಳಿಗ್ಗೆ ಬಸ್ಸಿನಲ್ಲಿ ‘ಮದುಮಗಳು’, ರಾತ್ರಿ ಮಲಗುವ ಮುಂಚೆ ‘ಮರಳಿ ಮಣ್ಣಿಗೆ’ ಅಂತ ಮಾಡಿಕೊಂಡಿದ್ದೆ. ಸೋತುಹೋದೆ. ಸಿಂಭಾವಿ, ಹೂವಳ್ಳಿ, ಬೆಟ್ಟಳ್ಳಿ, ಕೋಣೂರು, ಲಕ್ಕುಂದ. ಈ ಊರುಗಳ ಹೆಗ್ಗಡೆಗಳು, ಗೌಡರು, ಅವರ ಕೈಯಾಳುಗಳು, ಕೈಯಾಳುಗಳ ಹೆಂಡತಿಯರು, ಇವರನ್ನೆಲ್ಲ ಒಂದು ಕೈಯಲ್ಲಿ ಬಸ್ಸಿನ ಕಂಬಿ ಹಿಡಿದುಕೊಂಡು ನೆನಪಿಟ್ಟುಕೊಳ್ಳಲು ನನ್ನ ಕೈಲಂತೂ ಆಗಲಿಲ್ಲ. ಟಿಕೆಟ್ ತಗೊಳ್ಳಲು ತಲೆ ಎತ್ತಿದರೆ ಸಾಕು, ವಾಪಸ್ ಬರುವಷ್ಟರಲ್ಲಿ ಯಾರು ಯಾರ ಮಗ ಅನ್ನೋದು ಮಾಯ. ಕೊನೆಗೆ ಕರೆಂಟ್ ಬಿಲ್ಲಿನ ಹಿಂದೆ ಊರು, ಮನೆ, ಜನ ಅಂತ ಬರೆದು ಪುಸ್ತಕದೊಳಗೆ ಇಟ್ಟುಕೊಂಡೆ. ಈಗಲೂ ಅದಿಲ್ಲದೆ ಓದಲ್ಲ.

ಸರಿ ಅಂತ ಅದಲು ಬದಲು ಮಾಡಿದೆ. ಬಸ್ಸಿಗೆ ಕಾರಂತರು, ರಾತ್ರಿಗೆ ಕುವೆಂಪು. ಅವತ್ತಿಂದ ಓದು ಸರಾಗ. ಕಾರಂತರ ವಾಕ್ಯಗಳಲ್ಲಿ ಅಲಂಕಾರ ಕಡಿಮೆ, ಮನೆಯ ಖರ್ಚುವೆಚ್ಚ ಹೇಳುವವರ ಹಾಗೆ ಹೇಳಿಕೊಂಡು ಹೋಗುತ್ತಾರೆ. ಜನವೂ ಕೈಬೆರಳಲ್ಲಿ ಎಣಿಸುವಷ್ಟು. ಎಲ್ಲಿ ಬಿಟ್ಟರೂ ಮತ್ತೆ ಹಿಡಿಯಬಹುದು. ಕುವೆಂಪು ಅವರದಕ್ಕೆ ಮಾತ್ರ ಮನೆ ಸದ್ದಡಗಬೇಕು. ಮಳೆ ಬರುತ್ತಿದ್ದರೆ ಇನ್ನೂ ಚೆನ್ನ.

(ಓದಲು ಕೂರುವ ಮುಂಚೆ ಒಂದು ಎಚ್ಚರಿಕೆ. ನನ್ನ ‘ಮರಳಿ ಮಣ್ಣಿಗೆ’ ಸೆಕೆಂಡ್ ಹ್ಯಾಂಡ್ ಅಂಗಡಿಯದ್ದು. ಅರ್ಧ ದಾಟಿದ ಮೇಲೆ ನೋಡಿದರೆ ಒಂದು ಫಾರಂ, ಅಂದರೆ 16 ಪುಟ, ಎರಡು ಸಲ ಬೈಂಡ್ ಆಗಿದೆ, ಅದರ ಮುಂದಿನ ಫಾರಂ ಇಲ್ಲವೇ ಇಲ್ಲ. ಅಂಗಡಿಯವನು “ಓದಿ ನೋಡಿ ತಗೋಬೇಕಿತ್ತು ಮೇಡಂ” ಅಂದ. ಪೂರ್ತಿ ಓದಿದ ಮೇಲೆ ತಗೊಳ್ಳೋದು ಯಾಕೆ ಅಂತ ಕೇಳಲು ಅಲ್ಲಿ ಹೊಳೆಯಲಿಲ್ಲ. ಲೈಬ್ರರಿಯಿಂದ ಇನ್ನೊಂದು ಪ್ರತಿ ತಂದೆ. ನೀವು ಹಳೆಯದು ಕೊಳ್ಳುವವರಾದರೆ ಪುಟಸಂಖ್ಯೆ ಸುಮ್ನೆ ಒಂದು ಸಲ ತಿರುವಿ ನೋಡಿ.)

ಇನ್ನು ಬರೆದವರ ವಯಸ್ಸು. ‘ಮರಳಿ ಮಣ್ಣಿಗೆ’ 1941ರದ್ದು, ಆಗ ಕಾರಂತರಿಗೆ ನಲವತ್ತೂ ತುಂಬಿರಲಿಲ್ಲ. ‘ಮದುಮಗಳು’ ಬಂದಿದ್ದು 1967ರಲ್ಲಿ, ಆಗ ಕುವೆಂಪು ಅರವತ್ತು ದಾಟಿದ್ದರು. ಓದುವಾಗ ಇದು ನನಗೆ ಗೊತ್ತಾಗುತ್ತಿದೆ, ಅಥವಾ ಗೊತ್ತಿರುವುದರಿಂದ ಹಾಗೆ ಅನಿಸುತ್ತಿದೆಯೋ ಏನೋ. ಕಾರಂತರಿಗೆ ಪಾತ್ರಗಳ ಮೇಲೆ ಸಿಟ್ಟಿದೆ, ಅವಸರವಿದೆ, ಮುಂದೇನು ಅನ್ನುವ ತಲೆಬಿಸಿ ಇದೆ. ಕುವೆಂಪು ಅವರಿಗೆ ಯಾರ ಮೇಲೂ ಸಿಟ್ಟಿಲ್ಲ. ಗುತ್ತಿಯ ಕಾಲಿಗೆ ಹತ್ತಿದ ಇಂಬಳಕ್ಕೂ, ಹೆಗ್ಗಡೆಯವರ ಮೀಸೆಗೂ, ಪಾದ್ರಿಯ ‘ಬೀಸೆಕಲ್ಲು’ ನೋಡಲು ಸೇರಿದ ಜಾತ್ರೆಗೂ ಅಷ್ಟೇ ತಾಳ್ಮೆ. ಬೈಸಿಕಲ್ಲು ಬೀಸೆಕಲ್ಲಾದ ಭಾಗ ಓದಿ ರಾತ್ರಿ ಹನ್ನೊಂದಕ್ಕೆ ಒಬ್ಬಳೇ ನಕ್ಕೆ. ಗಂಡ ಎದ್ದು ಏನಾಯಿತು ಅಂದರು. ವಿವರಿಸಲು ಹೋದೆ. ಅವರಿಗೆ ನಗು ಬರಲಿಲ್ಲ.

ಎರಡರ ನಿಜವಾದ ವ್ಯತ್ಯಾಸ ನನಗೆ ಹೊಳೆದಿದ್ದೂ ಅಲ್ಲೇ. ‘ಮರಳಿ ಮಣ್ಣಿಗೆ’ ಬಗ್ಗೆ ಓದದವರ ಜೊತೆಗೂ ಮಾತಾಡಬಹುದು, ಜಗಳವನ್ನೂ ಆಡಬಹುದು. ಪಾರೋತಿಗೆ ಮಕ್ಕಳಾಗಲಿಲ್ಲ ಅಂತ ರಾಮ ಐತಾಳರು ಸತ್ಯಭಾಮೆಯನ್ನು ಎರಡನೇ ಮದುವೆ ಆಗುತ್ತಾರೆ. ಅವರು ಪೌರೋಹಿತ್ಯ ಅಂತ ಊರೂರು ತಿರುಗುವಾಗ ಗದ್ದೆ, ದನ, ಸೊಪ್ಪು, ಸೌದೆ ಎಲ್ಲವನ್ನೂ ಎಳೆಯೋದು ಪಾರೋತಿ ಮತ್ತು ಐತಾಳರ ವಿಧವೆ ತಂಗಿ ಸರಸೋತಿ. ಇಷ್ಟು ಹೇಳಿದ್ದೇ ತಡ, ಅತ್ತೆ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ “ಎಂತ ಗಂಡ್ಸ್ ಮಾರಾಯ್ತಿ ಅವ!” ಅಂದರು. ಆಮೇಲೆ ಅರ್ಧ ಗಂಟೆ ಅವರ ಚಿಕ್ಕಮ್ಮನ ಕಥೆ. ಮದುವೆಯಾಗಿ ಹತ್ತು ವರ್ಷ ನಾನು ಈ ಮನೆಯಲ್ಲಿದ್ದೇನೆ, ಆ ಚಿಕ್ಕಮ್ಮನ ಹೆಸರನ್ನೇ ಕೇಳಿರಲಿಲ್ಲ.

ಶೀನ ಮಯ್ಯರ ವಿಷಯ ಬಂದಾಗ ಜಗಳ ಗಂಡನವರೆಗೂ ಹೋಯಿತು. ಮಯ್ಯರ ಮನೆಯವರು ಬೆಂಗಳೂರಿನಲ್ಲಿ ಹೋಟೆಲು ಮಾಡಿ ದುಡ್ಡು ಕಾಣುತ್ತಾರೆ, ಐತಾಳರಿಗೆ ಒಳಗೊಳಗೇ ಉರಿ. ಅವರು ಮನೆಗೆ ಹೆಂಚು ಹಾಕಿಸಿದರೆ ಇವರಿಗೂ ಹೆಂಚು ಬೇಕು. ಹೋಟೆಲು ಹಾಕಿದ್ದು ಸರಿ ಅಂತ ನನ್ನ ಗಂಡ, ಊರು ಬಿಟ್ಟವರಿಗೆ ಊರಿನ ಮೇಲೆ ಜಂಬ ತೋರಿಸುವುದಷ್ಟೇ ಉಳಿಯುತ್ತದೆ ಅಂತ ಅತ್ತೆ. ಬೆಂಗಳೂರಿನ ಫ್ಲಾಟಿನಲ್ಲಿ ಕೂತು ಹೀಗೆ ಹೇಳುತ್ತಿದ್ದೀರಲ್ಲ ಅಂತ ನಾನು ಬಾಯಿಬಿಡಲಿಲ್ಲ.

‘ಮದುಮಗಳು’ ಬಗ್ಗೆ ಇಂಥ ಚರ್ಚೆ ಸಾಧ್ಯವೇ ಆಗಲಿಲ್ಲ. ಪ್ರಯತ್ನ ಪಟ್ಟೆ. ಚಿನ್ನಮ್ಮನಿಗೆ ಇಷ್ಟವಿಲ್ಲದ ಮದುವೆ ಗೊತ್ತಾಗಿದೆ, ಅವಳ ಮನಸ್ಸಿರೋದು ಮುಕುಂದಯ್ಯನ ಮೇಲೆ, ಮದುವೆಯ ಮುಂಚೆ ಓಡಿಹೋಗಬೇಕು ಅಂತ ಕಥೆ ಹೇಳಿದರೆ ಹಳೆಯ ಸಿನಿಮಾ ಥರ ಕೇಳಿಸುತ್ತದೆ. “ಸರಿ, ಆಮೇಲೆ?” ಅಂತಾರೆ. ಆಮೇಲೆ ಏನಿಲ್ಲ, ಕಾಡಿದೆ, ಕತ್ತಲಿದೆ, ಜಡಿಮಳೆ ಇದೆ. ಅದನ್ನು ಸಾರಾಂಶ ಮಾಡಲು ಆಗಲ್ಲ. ಒಂದು ದಿನ ಸಾಕಾಗಿ ಅತ್ತೆಯ ಮುಂದೆ ಕೂತು ನಾಲ್ಕು ಪುಟ ಗಟ್ಟಿಯಾಗಿ ಓದಿಬಿಟ್ಟೆ, ಗುತ್ತಿ ಹುಲಿಯನ ಜೊತೆ ಮಾತಾಡಿಕೊಂಡು ಹೋಗುವ ಭಾಗ. ನಾನು ಕಣ್ಣಲ್ಲಿ ಓದುವಾಗ ತೊಡರಾಗಿದ್ದ ಮಾತುಗಳು ಬಾಯಲ್ಲಿ ಸಲೀಸಾಗಿ ಬಂದವು. ಅತ್ತೆ ಏನೂ ಹೇಳಲಿಲ್ಲ. ಮರುದಿನ ರಾತ್ರಿ ಒಂಬತ್ತಕ್ಕೆ “ಆ ನಾಯಿದ್ ಓದ್ತಿಲ್ಯಾ?” ಅಂದರು.

ಬೇಜಾರಿನ ಮಾತನ್ನೂ ಹೇಳಬೇಕಲ್ವಾ. ಕಾರಂತರು ಕೆಲವು ಕಡೆ ನಮಗೆ ತೋರಿಸದೆ ಸುಮ್ಮನೆ ವರದಿ ಒಪ್ಪಿಸಿಬಿಡುತ್ತಾರೆ. ಲಚ್ಚ ಓದಲು ಹೋಗಿ ಕೆಟ್ಟ ಭಾಗದಲ್ಲಿ ನನಗೆ ಅವನ ತಲೆಯೊಳಗೆ ಹೋಗಬೇಕಿತ್ತು, ಅವರು ಹೊರಗಿನಿಂದಲೇ ಬೈದು ಮುಂದೆ ನಡೆದರು. ಅವನ ಹೆಂಡತಿ ನಾಗವೇಣಿಗೆ ಕೊಟ್ಟ ಗಮನದಲ್ಲಿ ಕಾಲುಭಾಗ ಅವನಿಗೂ ಕೊಟ್ಟಿದ್ದರೆ ಅವನ ಮೇಲೆ ಸಿಟ್ಟಿನ ಜೊತೆ ಅಯ್ಯೋ ಪಾಪವೂ ಅನಿಸುತ್ತಿತ್ತೇನೋ. ಕುವೆಂಪು ಅವರಲ್ಲಿ ತೊಂದರೆ ಬೇರೆ. ಜನ ಮಾತಾಡುವಾಗ ಎಷ್ಟು ಚುರುಕೋ, ಬೆಟ್ಟ, ಮೋಡ, ಸೂರ್ಯಾಸ್ತ ಬಂದ ಕೂಡಲೇ ಸಂಸ್ಕೃತದ ಉದ್ದುದ್ದ ಪದಗಳು ಸಾಲುಗಟ್ಟಿ ಬರುತ್ತವೆ. ಎರಡು ಸಲ ಪುಟ ಹಾರಿಸಿದ್ದೇನೆ. ಒಂದು ಸಲ ಪಾಪಪ್ರಜ್ಞೆಯಾಗಿ ಹಿಂದೆ ಬಂದು ಓದಿದೆ, ಇನ್ನೊಂದು ಸಲ ಬರಲಿಲ್ಲ.

ಯಾವುದು ಮೊದಲು ಅಂತ ಕೇಳಿದರೆ ನನ್ನ ಉತ್ತರ ಇಷ್ಟು. ಬಿಡುವು ತುಂಡುತುಂಡಾಗಿ ಸಿಗುತ್ತಿದ್ದರೆ, ಮನೆಯಲ್ಲಿ ವಾದ ಮಾಡುವವರಿದ್ದರೆ, ಕಾರಂತರು. ರಾತ್ರಿ ಒಂದು ಗಂಟೆ ನಿಮ್ಮದೇ ಅಂತ ಇದ್ದರೆ, ಕೇಳಲು ಒಂದು ಕಿವಿಯಾದರೂ ಇದ್ದರೆ, ಕುವೆಂಪು. ಎರಡರಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ ಇವತ್ತಿಗೆ ‘ಮದುಮಗಳು’ ಅಂತೀನಿ. ಆದರೆ ಬಸ್ಸಿಳಿದ ಮೇಲೂ ಆಫೀಸಿನ ಮೆಟ್ಟಿಲು ಹತ್ತುತ್ತಾ ನಾನು ಬೈದುಕೊಳ್ಳೋದು ಐತಾಳರನ್ನೇ.

ಹೋದ ವಾರದಿಂದ ಇನ್ನೊಂದು ಸಮಸ್ಯೆ ಶುರುವಾಗಿದೆ. ನಾನು ಆಫೀಸಿಗೆ ಹೋದ ಮೇಲೆ ಆ ಬೈಂಡಿಂಗ್ ಕೆಟ್ಟ ಹಳೆಯ ಪ್ರತಿಯನ್ನು ಅತ್ತೆ ಓದುತ್ತಿದ್ದಾರೆ, ನನಗಿಂತ ಮುಂದೆಯೂ ಹೋಗಿದ್ದಾರೆ. ಇಲ್ಲದ 16 ಪುಟದಲ್ಲಿ ಏನಾಯಿತು ಅಂತ ನನ್ನನ್ನು ಕೇಳಿದರು, ಹೇಳಿದೆ. ಮುಂದೇನಾಗುತ್ತದೆ ಅಂತ ನಾನು ಕೇಳದಿದ್ದರೂ ಅವರು ಹೇಳುತ್ತಿದ್ದಾರೆ.