ಕಂಡಿಷನರ್, ಸರ್ವೋ, ಐಸೊಲೇಷನ್: ಆಂಪ್ಲಿಫೈಯರಿಗೆ ಕೊಟ್ಟು ನೋಡಿದ ಮೂರು ಮದ್ದು

ಬಸವನಗುಡಿಯ ನಮ್ಮ ಮನೆಯಲ್ಲಿ ವೋಲ್ಟೇಜು ಸಂಜೆ ಏಳಕ್ಕೆ 198ಕ್ಕೆ ಇಳಿಯುತ್ತದೆ, ನಡುರಾತ್ರಿ 248ಕ್ಕೆ ಏರುತ್ತದೆ. ಇರಬೇಕಾದದ್ದು 230. ಮಲ್ಟಿಮೀಟರ್ ಹಿಡಿದು ಒಂದು ವಾರ ಬರೆದಿಟ್ಟ ಲೆಕ್ಕವಿದು. ಸಾಲದ್ದಕ್ಕೆ ಫ್ರಿಜ್ ಆನ್ ಆದಾಗಲೆಲ್ಲ ಸ್ಪೀಕರಿನಲ್ಲಿ ‘ಟಪ್’, ಆಲಾಪದ ನಡುವೆ ತಂಬೂರಿಯ ಶ್ರುತಿಗೆ ಹೊಂದದ ‘ಗುಂಯ್’.

ಮೊದಲು ಗೆಳೆಯನಿಂದ ಪವರ್ ಕಂಡಿಷನರ್ ಎರವಲು ತಂದೆ. ದಪ್ಪ ಅಲ್ಯೂಮಿನಿಯಂ ಮುಖ, ನೀಲಿ ದೀಪ, ನನ್ನ ಆಂಪ್ಲಿಫೈಯರನ್ನೂ ಮೀರಿಸುವ ಬೆಲೆ. ಒಳಗಿದ್ದದ್ದು ಒಮ್ಮೆಲೇ ನುಗ್ಗುವ ಹೆಚ್ಚುವರಿ ವೋಲ್ಟೇಜನ್ನು ಹೀರುವ ಎಂಒವಿ ಬಿಲ್ಲೆಗಳು, ಎಲ್‌ಇಡಿ ದೀಪ ಮತ್ತು ಚಾರ್ಜರುಗಳ ಗದ್ದಲವನ್ನು ಸೋಸುವ ಫಿಲ್ಟರ್. ‘ಟಪ್’ ಬಹುಮಟ್ಟಿಗೆ ಅಡಗಿತು. ಆದರೆ 198 ಬಂದರೆ 198ನ್ನೇ ಮುಂದಕ್ಕೆ ದಾಟಿಸಿತು. ಸಂಗೀತವೇ ಬೇರೆಯಾಗಿ ಕೇಳಿಸುತ್ತದೆ ಎಂದಿದ್ದ ಗೆಳೆಯ. ನಾನು ಗೋಡೆಗೆ ಮುಖ ಮಾಡಿ ಕುಳಿತೆ, ಹೆಂಡತಿ ಹನ್ನೆರಡು ಸಲ ಪ್ಲಗ್ ಅದಲುಬದಲು ಮಾಡಿದಳು. ಸರಿಯಾಗಿ ಹೇಳಿದ್ದು ಆರು ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಆಂಪ್ಲಿಫೈಯರಿನ ಒಳಗೇ ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್, ದಪ್ಪ ಕೆಪಾಸಿಟರುಗಳು ಸೋಸುವ ಕೆಲಸದಲ್ಲೇ ಇರುತ್ತವಲ್ಲ!

ಸರ್ವೋ ಸ್ಟೆಬಿಲೈಸರಿಗೆ ಅಂದಚೆಂದವಿಲ್ಲ. ವೋಲ್ಟೇಜು ಕುಸಿದಾಗ ಒಳಗಿನ ಮೋಟಾರು ‘ಕಿರ್’ ಎಂದು ಕಾರ್ಬನ್ ಬ್ರಷ್ಷನ್ನು ಸರಿಸುತ್ತದೆ, ಮುಳ್ಳು 230ರ ಆಸುಪಾಸಿಗೆ ಮರಳುತ್ತದೆ. ಗದ್ದಲ ಸೋಸುವುದು ಅದರ ಕೆಲಸವಲ್ಲ, ‘ಟಪ್’ ಹಾಗೇ ಉಳಿಯಿತು. ಆ ‘ಕಿರ್’ ಸದ್ದಿಗಾಗಿ ಅದನ್ನು ಪಡಸಾಲೆಯಿಂದ ಆಚೆ ಇಟ್ಟೆ.

ಒಂದು ಕೆವಿಎ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಎತ್ತಲು ಇಬ್ಬರು ಬೇಕಾಯಿತು. ತಂತಿಯ ನೇರ ಕೊಂಡಿಯಿಲ್ಲದ ಎರಡು ಸುರುಳಿಗಳ ನಡುವೆ ಕಾಂತಕ್ಷೇತ್ರದ ಮೂಲಕವೇ ವಿದ್ಯುತ್ತನ್ನು ದಾಟಿಸುವ ಪೆಟ್ಟಿಗೆ ಅದು. ‘ಟಪ್’ ಪೂರ್ತಿ ಹೋಯಿತು. ತಮಾಷೆ ಶುರುವಾದದ್ದು ಮಗಳು ಹೇರ್ ಡ್ರೈಯರನ್ನು ಕಡಿಮೆ ಶಾಖಕ್ಕೆ ತಿರುಗಿಸಿದಾಗ. ಆ ಡ್ರೈಯರಿನಲ್ಲಿ ಒಂದು ಡಯೋಡ್ ಅರ್ಧ ಅಲೆಯನ್ನು ಮಾತ್ರ ಎಳೆದುಕೊಳ್ಳುತ್ತದೆ. ಮನೆಯ ಲೈನಿಗೆ ತುಸು ಡಿಸಿ, ಅಂದರೆ ಒಂದೇ ದಿಕ್ಕಿನ ವಿದ್ಯುತ್ತು, ಸೇರುತ್ತದೆ. ಮೊದಲೆಲ್ಲ ಆಗ ನನ್ನ ಆಂಪ್ಲಿಫೈಯರಿನ ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಜೇನುಗೂಡಿನಂತೆ ಮೊರೆಯುತ್ತಿತ್ತು, ಕಂಡಿಷನರ್ ಇದ್ದಾಗಲೂ. ಡಿಸಿ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ದಾಟದು, ಈಗ ಟೊರಾಯ್ಡ್ ಮೌನ. ಮೊರೆಯುವ ಪಾಳಿ ಐಸೊಲೇಷನ್ ಟ್ರಾನ್ಸ್‌ಫಾರ್ಮರಿನದು.

ಮೂರರಲ್ಲಿ ಯಾವುದಕ್ಕೂ ಬಗ್ಗದ ‘ಗುಂಯ್’ ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಳಚಿದ ಕ್ಷಣ ನಿಂತಿತು. ಅದು ಅರ್ತ್‌ಗೂ ಕೇಬಲ್ಲಿನ ಹೊದಿಕೆಗೂ ನಡುವಿನ ಗ್ರೌಂಡ್ ಲೂಪ್, ಎರಡು ದಾರಿಯಲ್ಲಿ ನೆಲ ಸೇರುವ ತಂತಿಗಳ ಸುತ್ತು. ಕೇಬಲ್ಲಿಗೆ ಆ ಸುತ್ತನ್ನು ಕಡಿಯುವ ಒಂದು ಪುಟ್ಟ ಐಸೊಲೇಟರ್ ಹಾಕಿದೆ. ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಇದೇ ಸದ್ದನ್ನು ನಿಲ್ಲಿಸುವವರಿದ್ದಾರೆ. ಶಾಕ್ ಹೊಡೆದು ಜೀವ ಹೋಗುವ ದಾರಿ ಅದು, ಬೇಡ.

ಕಂಡಿಷನರನ್ನು ಗೆಳೆಯನಿಗೆ ಮರಳಿಸಿದೆ. ಸರ್ವೋ ಉಳಿಯಿತು, ಅದರ ಮುಂದೆ, ಏಪ್ರಿಲ್ ಸಂಜೆಯ ಗುಡುಗಿಗೆಂದು, ಎಸ್‌.ಪಿ. ರಸ್ತೆಯಲ್ಲಿ ಕೊಂಡ ಸ್ಪೈಕ್ ಗಾರ್ಡ್. ಗುಡುಗು ಹತ್ತಿರ ಬಂದರೆ ಪ್ಲಗ್ ಕಿತ್ತಿಡುತ್ತೇನೆ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮಂಚದ ಕೆಳಗಿದೆ, ಏಕೆಂದರೆ ಮಗಳೊಂದಿಗೆ ಒಪ್ಪಂದವಾಗಿದೆ: ಡ್ರೈಯರ್ ಏಳಕ್ಕೆ, ರೆಕಾರ್ಡು ಏಳೂವರೆಗೆ.